ಹೊಸ ನೌಕರನಿಗೊಂದು ಶಿಫಾರಸು

ಬೆಂಗಳೂರಿನ ಕೊಳಚೆ ಹೊತ್ತು ಹರಿಯುವ ವೃಷಭಾವತಿ ಹೊಳೆಯನ್ನು ಸರಿಮಾಡಲು ನಿಯತ್ತಿನ ನೌಕರರು ಸಿಗುವುದಿಲ್ಲ ಎಂಬ ಗೊಣಗಾಟ ಇನ್ನು ಬೇಡ. ನನ್ನ ಬಳಿ ಅಭ್ಯರ್ಥಿಯೊಬ್ಬನಿದ್ದಾನೆ. ಹೆಸರು ಅಸಿಡಿಥಯೋಬ್ಯಾಸಿಲಸ್, ಕುಲ ಬ್ಯಾಕ್ಟೀರಿಯಾ. ತುಟ್ಟಿಭತ್ಯೆ ಕೇಳುವುದಿಲ್ಲ, ಎರಡನೇ ಶನಿವಾರದ ರಜೆಯೂ ಬೇಡ. ಒಂದಿಷ್ಟು ಗಂಧಕದ ಪುಡಿ, ಗಾಳಿ ಕೊಟ್ಟರೆ ಸಾಕು. ಗಂಧಕ ತಿಂದು ಗಂಧಕಾಮ್ಲ ಮಾಡಿ, ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧೀಕರಣ ಘಟಕದ ಕೆಸರನ್ನು ಹುಳಿಯಾಗಿಸಿ ಅದರ ಪಿಎಚ್ ಅನ್ನು 2ರ ಆಸುಪಾಸಿಗೆ ಇಳಿಸುತ್ತಾನೆ. ಕೆಸರಿಗೆ ಅಂಟಿ ಕೂತಿದ್ದ ಸತು, ನಿಕಲ್, ಕ್ಯಾಡ್ಮಿಯಂ ಕರಗಿ ನೀರಿಗಿಳಿಯುತ್ತವೆ. ನೀರು ಬಸಿದು, ಕೆಸರಿಗೆ ಸುಣ್ಣ ಹಾಕಿ ಹುಳಿ ಮುರಿದರೆ ಹೊಲಕ್ಕೆ ಗೊಬ್ಬರ.

"ಅಲ್ಲ ಸ್ವಾಮಿ, ಲೋಹದ ಲೇಪ ಕೊಡುವ ಎಲೆಕ್ಟ್ರೋಪ್ಲೇಟಿಂಗ್ ಘಟಕದ ಬಾಗಿಲಲ್ಲೇ ಈ ವಿಷಲೋಹಗಳನ್ನು ತಡೆಯಬಾರದೆ?" ಎನ್ನುವ ಅರಸಿಕರಿದ್ದಾರೆ. ಜಲಮಾಲಿನ್ಯ ತಡೆಯುವ 1974ರ ಜಲ ಕಾಯ್ದೆಯೂ ಅಂಥದ್ದೇ ಅರಸಿಕ. ಘಟಕದ ತೊಟ್ಟಿಯೊಂದರಲ್ಲಿ ದಟ್ಟವಾಗಿ ನಿಂತ ಕ್ರೋಮಿಯಂ ಹಿಡಿಯುವುದರಲ್ಲಿ ಏನು ಪೌರುಷ? ಅದನ್ನು ಮೋರಿಗೆ ಬಿಟ್ಟು, ಇಡೀ ಊರಿನ ಬಚ್ಚಲ ನೀರು, ಮುಸುರೆ ನೀರು, ಹೇಳಬಾರದ ನೀರು ಎಲ್ಲದರ ಜತೆ ಕಲಸಿ, ಆಮೇಲೆ ಹುಡುಕಿ ತೆಗೆದರೆ ಅದು ತಂತ್ರಜ್ಞಾನ. ಗಂಧಕಕ್ಕೊಂದು ಟೆಂಡರ್, ಸುಣ್ಣಕ್ಕೊಂದು ಟೆಂಡರ್. ಬಾಗಿಲಲ್ಲೇ ತಡೆದರೆ ಇವೆಲ್ಲ ಹುಟ್ಟುತ್ತವೆಯೇ?

ಕಾನೂನು ಕಣ್ಣುಮುಚ್ಚಿ ಕೂತಿದೆ ಅಂದುಕೊಳ್ಳಬೇಡಿ. 1985ರ ರಸಗೊಬ್ಬರ ನಿಯಂತ್ರಣ ಆದೇಶದಡಿ, ಮಾರುವ ನಗರ ಕಾಂಪೋಸ್ಟಿನ ಕಿಲೋ ಒಂದರಲ್ಲಿ ಕ್ಯಾಡ್ಮಿಯಂ 5 ಮಿಲಿಗ್ರಾಂ, ಕ್ರೋಮಿಯಂ 50, ಸೀಸ 100 ದಾಟುವಂತಿಲ್ಲ. ಆದರೆ ಅದು ಚೀಲದ ಗೊಬ್ಬರಕ್ಕೆ. ವೃಷಭಾವತಿಯ ಹಾದಿಯಲ್ಲಿರುವ ಬೈರಮಂಗಲ ಕೆರೆಯ ಕಾಲುವೆಯಲ್ಲಿ ಹೊಲಕ್ಕೆ ಹರಿದುಬರುವ ಸರಕಿಗೆ ಚೀಲವೇ ಇಲ್ಲವಲ್ಲ, ಲೇಬಲ್ ಎಲ್ಲಿಗೆ ಅಂಟಿಸುವುದು? ಬಸವನಗುಡಿಯ ಬಸವನ ಪಾದದಲ್ಲಿ ಹುಟ್ಟಿದವಳೆಂದು ಹೆಸರಾದ ಹೊಳೆಯನ್ನು ಪ್ರಮಾಣಪತ್ರ ಕೇಳುವುದೂ ಚೆನ್ನಲ್ಲ. ಪೇಟೆಯವರಿಗೆ ಹೇಗೂ ಒಂದು ಉಪದೇಶ ಸಿದ್ಧವಿದೆ: ಸೊಪ್ಪನ್ನು ಉಪ್ಪುನೀರಲ್ಲಿ ತೊಳೆಯಿರಿ. ಬೇರು ಹೀರಿಕೊಂಡ ಕ್ಯಾಡ್ಮಿಯಂ ಉಪ್ಪುನೀರಿಗೆ ಹೆದರಿದ್ದನ್ನು ಯಾರೂ ಕಂಡಿಲ್ಲ, ಆ ಮಾತು ಬೇರೆ.

ಅಭ್ಯರ್ಥಿಗೆ ಒಂದು ಕೊರತೆಯಿದೆ, ಮುಚ್ಚಿಡುವುದಿಲ್ಲ. ಸೀಸ ಅವನ ಮಾತು ಕೇಳುವುದಿಲ್ಲ. ಆಮ್ಲ ತಗುಲಿದರೆ ಕರಗುವ ಬದಲು ಸಲ್ಫೇಟಾಗಿ ಕೆಸರಲ್ಲೇ ಉಳಿಯುತ್ತದೆ, ವರ್ಗಾವಣೆಯಾದರೂ ಕುರ್ಚಿ ಬಿಡದ ಅಧಿಕಾರಿಯ ಹಾಗೆ. ಮಾತು ಕೇಳಿ ಕರಗಿದ ಲೋಹಗಳಿಗೆ ಸುಣ್ಣ ಹಾಕಿದರೆ ಅವೂ ಗಡ್ಡೆಕಟ್ಟಿ ಇನ್ನೊಂದು ಕೆಸರು. ಅದು ಗೊಬ್ಬರವಲ್ಲ, ಅಪಾಯಕಾರಿ ತ್ಯಾಜ್ಯ. ಹೂಳಲು ಜಾಗ ಬೇಕು. ಜಾಗ ಅಂದಮೇಲೆ ಊರಾಚೆ. ಊರಾಚೆ ಅಂದಮೇಲೆ ಯಾರದಾದರೂ ಹೊಲದ ಪಕ್ಕ.