ಗಿಟಾರಿಗೂ ಜವಾರಿ ಬೇಕು

ನನ್ನ ಗಿಟಾರಿನ ತಲೆಯ ಮೇಲೆ ಯಾವ ಕಂಪನಿಯ ಹೆಸರೂ ಇಲ್ಲ. ಮೊದಲು ಇತ್ತು, ಪಾಲಿಶ್ ಪೇಪರಿನಿಂದ ತಿಕ್ಕಿ ತೆಗೆದೆ. 11 ವರ್ಷದ ಹಿಂದೆ ಹುಬ್ಬಳ್ಳಿಯ ಒಬ್ಬ ಆರ್ಕೆಸ್ಟ್ರಾ ವಾದಕರಿಂದ 6,500 ರೂಪಾಯಿಗೆ ತಗೊಂಡ, ಫೆಂಡರ್ ಕಂಪನಿಯ ಸ್ಟ್ರ್ಯಾಟೊಕ್ಯಾಸ್ಟರ್ ಎಂಬ ಎಲೆಕ್ಟ್ರಿಕ್ ಗಿಟಾರಿನ ನಕಲು ಅದು. ಈಗ ಅದರಲ್ಲಿ ಹಳೆಯದು ಅಂತ ಉಳಿದಿರುವುದು ಮರ, ಮತ್ತು ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಮೂರು ಪಿಕಪ್‌ಗಳಲ್ಲಿ ಎರಡು ಮಾತ್ರ.

ಮೊನ್ನೆ ಧಾರವಾಡದಲ್ಲಿ ಒಂದು ಕಾರ್ಯಕ್ರಮ ಮುಗಿಸಿ ಚಹಾ ಕುಡಿಯುವಾಗ ಗೆಳೆಯನೊಬ್ಬ ಹೇಳಿದ: "ಇಷ್ಟ ವರ್ಷ ಇದರ ಮ್ಯಾಲ ರೊಕ್ಕಾ ಸುರದಿ. ಅದ ರೊಕ್ಕದಾಗ ಒಂದ ಛಲೋ ಗಿಟಾರ್ ಬರ್ತಿತ್ತಲ್ಲೋ."

ಅವನ ಲೆಕ್ಕ ತಪ್ಪಲ್ಲ. ಛಲೋ ಗಿಟಾರ್ ಬರುತ್ತಿತ್ತು. ಆದರೆ ಆ ಗಿಟಾರಿನ ಮೇಲೆ ನನಗೆ ದರ್ಬಾರಿ ರಾಗದ ಗಂಧಾರ ಸ್ವರ ಸಿಗುತ್ತಿರಲಿಲ್ಲ. ಅವತ್ತು ಸರಿಯಾಗಿ ಉತ್ತರ ಕೊಡೋಕೆ ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ದರ್ಬಾರಿ ಕೇಳಿದವರಿಗೆ ಗೊತ್ತು. ಅದರ ಕೋಮಲ ಗಂಧಾರ ಒಂದು ಕಡೆ ನಿಲ್ಲುವ ಸ್ವರ ಅಲ್ಲ. ತೂಗುತ್ತದೆ. ನಿಧಾನವಾಗಿ, ಭಾರವಾಗಿ. ಗಿಟಾರಿನಲ್ಲಿ ಆ ಸ್ವರಕ್ಕೆ ಒಂದು ಫ್ರೆಟ್, ಅಂದರೆ ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿ, ಇದೆ. ಆದರೆ ಫ್ರೆಟ್ ಒತ್ತಿದರೆ ಬರುವ ಗಂಧಾರ ಸ್ವಲ್ಪ ಮೇಲಿನದು, ಅಲ್ಲಾಡದ್ದು. ಆದ್ದರಿಂದ ರಿಷಭದ ಫ್ರೆಟ್ ಮೇಲೆ ಬೆರಳಿಟ್ಟು ತಂತಿಯನ್ನು ಎಳೆದು, ಗಂಧಾರ ಮುಟ್ಟುವ ಚೂರು ಮುಂಚೆ ನಿಂತು, ಮತ್ತೆ ಬಿಟ್ಟು, ಮತ್ತೆ ಎಳೆಯಬೇಕು. ಎಳೆಯುವಾಗ ಬೆರಳ ತುದಿ ಕೆಳಗಿನ ಮರಕ್ಕೆ ಉಜ್ಜುತ್ತದೆ. ಅಲ್ಲೇ ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವ ಎಳೆತ, ಕೆಡುತ್ತದೆ. ಎರಡು ವರ್ಷ ನಾನು ತಪ್ಪು ನನ್ನ ಬೆರಳಿನದು ಅಂದುಕೊಂಡಿದ್ದೆ.

ಇದಕ್ಕೆ ಉಪಾಯ ಇದೆ. ಫ್ರೆಟ್‌ಗಳ ನಡುವಿನ ಮರವನ್ನು ಬಟ್ಟಲಿನ ಹಾಗೆ ಕೆರೆದು ತಗ್ಗು ಮಾಡುವುದು. ಸ್ಕ್ಯಾಲಪ್ ಅಂತಾರೆ. ಭಾರತೀಯ ಸಂಗೀತಗಾರರ ಜೊತೆಗಿನ ಶಕ್ತಿ ತಂಡದಲ್ಲಿ ಇಂಗ್ಲಿಷ್ ಗಿಟಾರ್ ವಾದಕ ಜಾನ್ ಮ್ಯಾಕ್‌ಲಾಫ್ಲಿನ್ ನುಡಿಸಿದ ಗಿಟಾರಿಗೆ ಹೀಗೇ ಕೆರೆದ ಬೋರ್ಡ್ ಇತ್ತು, ಜೊತೆಗೆ ಅಡ್ಡಲಾಗಿ, ತಾವಾಗಿಯೇ ಅನುರಣಿಸುವ 7 ತರಫ್ ತಂತಿಗಳೂ ಇದ್ದವು. ನನಗೆ ತರಫ್ ಬೇಕಿರಲಿಲ್ಲ, ತಗ್ಗು ಬೇಕಿತ್ತು.

ಧಾರವಾಡದಲ್ಲಿ ನಮ್ಮ ಮನೆ ಹತ್ತಿರ ಒಬ್ಬರು ಬಡಿಗೇರ ಕಾಕಾ ಇದ್ದಾರೆ. ಬಾಗಿಲು, ಕಿಟಕಿ, ದೇವರ ಜಗಲಿ ಮಾಡುವವರು. ಗಿಟಾರ್ ಕೈಗೆ ಕೊಟ್ಟೆ. ಅವರು ಅದನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ, ಬಾಗಿಲ ಚೌಕಟ್ಟು ನೋಡುವ ಹಾಗೆ ಉದ್ದಕ್ಕೂ ನೋಡಿದರು. "ಕುತ್ತಿಗಿ ಬಾಗೇತಿ ನೋಡ ತಮ್ಮಾ" ಅಂದರು. ನಿಜ. ಕುತ್ತಿಗೆಯೊಳಗಿನ ಟ್ರಸ್ ರಾಡ್ ಎಂಬ ಸರಳನ್ನು ತಿರುಗಿಸಿ ಅದನ್ನು ಮೊದಲು ಸರಿ ಮಾಡಿದೆವು. ಆಮೇಲೆ ಅವರು ಒಂದು ಬೀಟೆ ತುಂಡಿನ ಮೇಲೆ ಕೈ ಪಳಗಿಸಿಕೊಂಡರು. ಫ್ರೆಟ್‌ಗಳ ಮೇಲೆ ಟೇಪ್ ಅಂಟಿಸಿ, ಗುಂಡನೆಯ ಅರದಿಂದ 12ನೇ ಫ್ರೆಟ್‌ನಿಂದ ಕೊನೆಯವರೆಗೆ ಕೆರೆದರು. ಆಳ ಒಂದು ಮಿಲಿಮೀಟರ್, ಕೆಲವು ಕಡೆ ಒಂದೂವರೆ. ಮೂರು ಸಂಜೆ ಹಿಡಿಯಿತು. ಪ್ರತಿ ಸಂಜೆಯೂ ಪುಡಿ ಊದಿ, ಹೆಬ್ಬೆರಳಿನಿಂದ ಸವರಿ ನೋಡುತ್ತಿದ್ದರು.

ಮೊದಲ ವಾರ ನುಡಿಸೋಕೇ ಬರಲಿಲ್ಲ. ಕೆಳಗೆ ಮರ ಇಲ್ಲ, ಜೋರಾಗಿ ಒತ್ತಿದರೆ ಸ್ವರ ಏರಿಬಿಡುತ್ತದೆ. ಹಗುರವಾಗಿ ಹಿಡಿಯೋದನ್ನ ಮತ್ತೆ ಕಲಿಯಬೇಕಾಯಿತು. ತಂತಿಯನ್ನೂ ತೆಳ್ಳಗಿನದು ಹಾಕಿದೆ, 10ನೇ ನಂಬರಿನಿಂದ 9ಕ್ಕೆ. ಒಂದು ದಿನ ಗಂಧಾರ ತೂಗಿತು. ಮನೆಯಲ್ಲಿ ಅವ್ವ ಅಡುಗೆಮನೆಯಿಂದ ಹೊರಗೆ ಬಂದು ನಿಂತಳು. ನನಗೆ ಅಷ್ಟು ಸಾಕಿತ್ತು.

ಈಗ ಗೆಳೆಯನ ಎರಡನೇ ಮಾತು. "ಬಿಚ್ಚಿದ ಗಿಟಾರಿಗೆ ಕಿಮ್ಮತ್ತಿಲ್ಲ." ಬೇರೆ ಊರಿನವರು ಹೇಳಿದ್ದರೆ ಸುಮ್ನಿರುತ್ತಿದ್ದೆ. ಧಾರವಾಡದವನು ಹೀಗೆ ಹೇಳಬಾರದು. ಮಿರಜ್‌ನಿಂದ ಬಂದ ತಂಬೂರಿಯನ್ನು ನಮ್ಮಲ್ಲಿ ಯಾರಾದರೂ ಬಂದ ಹಾಗೇ ಮೀಟುತ್ತಾರಾ? ತಂತಿಗಳನ್ನು ಹೊತ್ತ ಕುದುರೆಯ ಮೇಲ್ಮೈಯನ್ನು ತೀಡಿಸಿ ಜವಾರಿ, ಅಂದರೆ ತಂತಿಯ ಝೇಂಕಾರ, ತೆಗೆಸುತ್ತಾರೆ. ಒಬ್ಬರಿಗೆ ಝೇಂಕಾರ ತೆರೆದ ಖುಲ್ಲಾ ಜವಾರಿ ಬೇಕು, ಇನ್ನೊಬ್ಬರಿಗೆ ಅದು ತಗ್ಗಿದ ಬಂದ್. ತಂತಿಯ ಕೆಳಗೆ ಜೀವಾಳದ ನೂಲಿಟ್ಟು ಎಳೆಯಷ್ಟು ಹಿಂದೆ ಮುಂದೆ ಸರಿಸುತ್ತಾ, ಕಿವಿಗೆ ಒಪ್ಪುವ ತನಕ ಬಿಡುವುದಿಲ್ಲ. ಆ ಕೆಲಸಕ್ಕೆ ಯಾರೂ "ತಂಬೂರಿ ಹಾಳಾಯಿತು" ಅನ್ನುವುದಿಲ್ಲ. ಇದೇ ಊರಿನಲ್ಲಿ ನೆಲೆಸಿದ್ದ ಸಿತಾರ ರತ್ನ ರಹಿಮತ್ ಖಾನರು ಸಿತಾರಿನ ತಂತಿಗಳ ಜೋಡಣೆಯನ್ನೇ ಬದಲಿಸಿದವರು. ಅವರ ಮೊಮ್ಮಗ ಬಾಲೇಖಾನರ ಸಿತಾರ್ ಕೇಳಿದ ಊರು ಇದು. ನಮ್ಮ ಕಡೆ ಜವಾರಿ ಅಂದರೆ ಊರ ತಳಿ ಅಂತಲೂ ಅರ್ಥ, ಜವಾರಿ ಹತ್ತಿ, ಜವಾರಿ ಕೋಳಿ ಅಂತೀವಲ್ಲ. ಎರಡೂ ಒಂದೇ ಪದ ಅಂತ ನಾನು ವಾದ ಮಾಡಲ್ಲ. ನನ್ನ ತಲೆಯಲ್ಲಿ ಮಾತ್ರ ಎರಡೂ ಸೇರಿಹೋಗಿವೆ.

ಗಿಟಾರ್ ಮಾಡಿದವರೇ ಇದಕ್ಕೆ ಬೇಡ ಅಂದಿರಲಿಲ್ಲ. ಲಿಯೊ ಫೆಂಡರ್ ರೇಡಿಯೊ ರಿಪೇರಿ ಅಂಗಡಿ ನಡೆಸಿದ ಮನುಷ್ಯ. ಗಿಟಾರ್ ನುಡಿಸಲು ಬರುತ್ತಿರಲಿಲ್ಲ. 1954ರಲ್ಲಿ ಬಂದ ಅವರ ಸ್ಟ್ರ್ಯಾಟೊಕ್ಯಾಸ್ಟರ್‌ನ ಕುತ್ತಿಗೆಗೆ ಅಂಟಿಲ್ಲ, 4 ಸ್ಕ್ರೂ ಇವೆ. ಸ್ಕ್ರೂ ಇದೆ ಅಂದರೆ ಬಿಚ್ಚಬಹುದು ಅಂತ ತಾನೇ? ಅದರ ಸ್ವಿಚ್ಚಿಗೆ ಮೊದಲು ಮೂರೇ ಜಾಗ ಇದ್ದವು. ನುಡಿಸುವವರು ಅದನ್ನು ಎರಡು ಜಾಗಗಳ ನಡುವೆ ಸಿಕ್ಕಿಸಿ ಎರಡು ಪಿಕಪ್ ಒಟ್ಟಿಗೆ ಕೇಳಿಸುತ್ತಿದ್ದರು. ಆ ಸದ್ದು ಎಲ್ಲರಿಗೂ ಹಿಡಿಸಿತು. ಕೊನೆಗೆ 1977ರಲ್ಲಿ ಕಂಪನಿಯೇ ಐದು ಜಾಗದ ಸ್ವಿಚ್ ಕೊಟ್ಟಿತು. ಇಂಗ್ಲೆಂಡಿನ ರಾಕ್ ಗಿಟಾರ್ ವಾದಕ ಬ್ರಿಯಾನ್ ಮೇ 1963ರಲ್ಲಿ ಅಪ್ಪನ ಜೊತೆ ಮನೆಯಲ್ಲೇ ಗಿಟಾರ್ ಕಟ್ಟಲು ಕೂತಾಗ ಹಳೇ ಅಗ್ಗಿಷ್ಟಿಕೆಯ ಮರ, ಮೋಟಾರ್‌ಸೈಕಲ್ ವಾಲ್ವಿನ ಸ್ಪ್ರಿಂಗ್ ಬಳಸಿದರು. ಆಮೇಲೆ ಕ್ವೀನ್ ತಂಡದಲ್ಲಿ ನುಡಿಸಿದ್ದು ಅದನ್ನೇ.

ಎಲ್ಲವನ್ನೂ ಕೆರೆದು ಬದಲಿಸಿ ಅಂತ ನಾನು ಹೇಳುತ್ತಿಲ್ಲ. ಕೈಗೆ ತಾಗುವುದನ್ನು ಮೊದಲು ನೋಡಿ. ನಮ್ಮಲ್ಲಿ ಮಳೆಗಾಲದಲ್ಲಿ ಮರ ಉಬ್ಬುತ್ತದೆ. ಮಾರ್ಚ್, ಏಪ್ರಿಲ್ ಬಂತೆಂದರೆ ಒಣಗಿ ಕುಗ್ಗುತ್ತದೆ, ಫ್ರೆಟ್‌ನ ತುದಿ ಹೊರಗೆ ಬಂದು ಅಂಗೈಗೆ ಕೊರೆಯುತ್ತದೆ. ಹುಡುಗರು ಗಿಟಾರ್ ಕೆಟ್ಟಿತು ಅಂತ ಮಾರಲು ಹೊರಡುತ್ತಾರೆ. ಸಣ್ಣ ಅರ ತಗೊಂಡು ಅರ್ಧ ಗಂಟೆ ಕೂತರೆ ಮುಗಿಯಿತು. ಟೋನ್ ಬದಲಿಸುವ ದುಬಾರಿ ಕೆಪಾಸಿಟರ್ ಹಿಂದೆ ಮಾತ್ರ ಹೋಗಬೇಡಿ. ಅಳತೆ ಒಂದೇ ಆದರೆ ಸದ್ದೂ ಒಂದೇ.

ಇನ್ನು ಹಮ್, ಅಂದರೆ ಕರೆಂಟಿನಿಂದಾಗಿ ಆಂಪ್ಲಿಫೈಯರಿನಲ್ಲಿ (ಆಂಪ್) ಕೇಳುವ ಗುಂಯ್ ಸದ್ದು. ಒಂದು ಅಂಗಡಿಯಲ್ಲಿ ನನಗೆ ಮೂರೂ ಪಿಕಪ್ ಬದಲಿಸಬೇಕು, 9,000 ಆಗುತ್ತದೆ ಅಂದಿದ್ದರು. ಮನೆಗೆ ಬಂದು ಹಿಂದಿನ ಮುಚ್ಚಳ ತೆಗೆದು ನೋಡಿದರೆ, ಸ್ಪ್ರಿಂಗ್ ಹಿಡಿದಿರುವ ಕಬ್ಬಿಣದ ಪಟ್ಟಿಗೆ ಬೆಸುಗೆ ಹಾಕಿದ್ದ ಅರ್ಥಿಂಗ್ ತಂತಿ ಬಿಟ್ಟುಹೋಗಿತ್ತು. ಒಂದೇ ಒಂದು ಬೆಸುಗೆ! ಗಿಟಾರಿನ ತಂತಿಗೆ ಕೈ ತಾಗಿಸಿದಾಗ ಹಮ್ ಕಡಿಮೆ ಆಗದಿದ್ದರೆ ಮೊದಲು ಅಲ್ಲೇ ನೋಡಿ. ಹಾಗೇ ಆಂಪ್‌ನ ಮೂರನೇ ಪಿನ್ನಿಗೆ ನಿಜವಾಗಿ ಅರ್ಥಿಂಗ್ ಇದೆಯಾ ಅಂತಲೂ ನೋಡಿ. ಗಣೇಶನ ಪೆಂಡಾಲಿನಲ್ಲಿ ಮೈಕಿಗೆ ತುಟಿ ತಾಗಿ ಜುಂ ಅಂದದ್ದು ನನಗೆ ಇನ್ನೂ ನೆನಪಿದೆ.

ಅದಾದ ಮೇಲೂ ಟ್ಯೂಬ್‌ಲೈಟ್ ಹತ್ತಿರ ಹೋದರೆ ಹಮ್ ಇತ್ತು. ಅದನ್ನು ತಡೆಯಲು ಒಳಗೆ ತಾಮ್ರದ ಹಾಳೆ ಅಂಟಿಸುತ್ತಿದ್ದೆ. ಸ್ಕ್ರೂಡ್ರೈವರ್ ಜಾರಿ ನಡುವಿನ ಪಿಕಪ್‌ನ ಸುರುಳಿಗೆ ತಾಗಿ ತಂತಿ ಕಡಿಯಿತು. ಅದನ್ನು ಎತ್ತಿಕೊಂಡು ಹಳೇ ಹುಬ್ಬಳ್ಳಿಯ ಒಂದು ಮೋಟಾರ್ ವೈಂಡಿಂಗ್ ಅಂಗಡಿಗೆ ಹೋದೆ. ಕುಂದಗೋಳ ಕಡೆಯ ರೈತರ ಪಂಪ್‌ಸೆಟ್ ಮೋಟಾರ್‌ಗಳ ನಡುವೆ ಅಂಗಡಿಯವರು ಕೂತಿದ್ದರು. ತಂತಿ ನೋಡಿ, "ಇದು ತಂತಿ ಅಲ್ರೀ ಸರ, ಕೂದಲಾ" ಅಂದರು. ಅದರ ದಪ್ಪ 0.06 ಮಿಲಿಮೀಟರ್ ಅಷ್ಟೇ. ಅಂಥದ್ದು ಅವರಲ್ಲಿ ಇರಲಿಲ್ಲ, ನಾನೇ ತರಿಸಿಕೊಟ್ಟೆ.

ಹಮ್ ಹೋಗಬೇಕು, ಈ ಪಿಕಪ್‌ನ ಸುರುಳಿ ಪಕ್ಕದ್ದಕ್ಕೆ ಉಲ್ಟಾ ಆಗಬೇಕು, ಆಗ ಎರಡರ ಹಮ್ ಒಂದಕ್ಕೊಂದು ಕಳೆದುಹೋಗುತ್ತದೆ ಅಂದೆ. ಅವರು ಕ್ಷಣ ಯೋಚಿಸಿದರು. "ಉಲ್ಟಾ ಮಾಡಿದ್ರ ಹಮ್ ಸಾಯತೈತಿ, ಖರೆ. ಆದ್ರ ಗಿಟಾರಿನ ಸದ್ದೂ ಸಾಯತೈತಲ್ರೀ?" ಎಂಥಾ ಸರಿಯಾದ ಪ್ರಶ್ನೆ! ಕೆಳಗಿನ ಅಯಸ್ಕಾಂತವನ್ನೂ ತಿರುಗಿಸಿ ಹಾಕುತ್ತೇನೆ ಅಂದೆ. ಆಗ ತಂತಿಯ ಸದ್ದು ಎರಡು ಸಲ ಉಲ್ಟಾ ಆಗಿ ಸರಿಯಾಗುತ್ತದೆ. ಹಮ್‌ಗೆ ಅಯಸ್ಕಾಂತದ ಹಂಗಿಲ್ಲ, ಅದು ಒಂದೇ ಸಲ ಉಲ್ಟಾ ಆಗಿ ಸಾಯುತ್ತದೆ. 1955ರಲ್ಲಿ ಗಿಬ್ಸನ್ ಕಂಪನಿಯ ಸೆತ್ ಲವರ್ ಹಮ್ ಕೊಲ್ಲುವ ಜೋಡಿ ಸುರುಳಿಯ ಪಿಕಪ್, ಹಂಬಕರ್, ಮಾಡಿದ್ದು ಇದೇ ಉಪಾಯದಿಂದ. ಅಂಗಡಿಯವರ ಮುಖ ಅರಳಿತು. "ಹಂಗಾದ್ರ ಉಲ್ಟಾ ಸುತ್ತೂದು ಯಾಕ? ಸುತ್ತೂದು ಸುತ್ತಿ, ಎರಡ ತುದಿ ಅದಲಾಬದಲಿ ಮಾಡಿದ್ರ ಆತು."

ಕೈಯಿಂದ ತಿರುಗಿಸುವ ಮಷಿನ್, ಪಕ್ಕದಲ್ಲಿ ಸುತ್ತು ಎಣಿಸುವ ಮೀಟರ್. ಎರಡು ಬೆರಳ ನಡುವೆ ತಂತಿ ಹಿಡಿದು, ಉಸಿರು ಬಿಗಿಹಿಡಿದು 8,000 ಸುತ್ತು ಸುತ್ತಿದರು. ಎರಡು ಸಲ ಕಡಿಯಿತು, ಎರಡು ಸಲವೂ ಮೊದಲಿನಿಂದ. ಮನೆಯಲ್ಲಿ ನಾನು ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಮೇಣ ಕರಗಿಸಿ ಪಿಕಪ್ ಅದ್ದಿದೆ. ಸುರುಳಿ ಅಲುಗಾಡಿ ಕೀರಲು ಸದ್ದು ಬರದಿರಲಿ ಅಂತ.

ಒಂದು ವಾರ ಬಿಟ್ಟು ಗಿಟಾರ್ ಮತ್ತು ಸಣ್ಣ ಆಂಪ್ ತಗೊಂಡು ಅಂಗಡಿಗೆ ಹೋದೆ. ಭೀಮಪಲಾಸ್ ನುಡಿಸಲು ಶುರು ಮಾಡಿದರೆ ಅವರು ಕೈ ಅಡ್ಡ ಹಿಡಿದು, "ಸ್ವಲ್ಪ ತಡೀರಿ" ಅಂದರು. ಸ್ವಿಚ್ ಅವರೇ ಹಿಡಿದರು. ನಡುವಿನ ಪಿಕಪ್ ಒಂದೇ ಇದ್ದಾಗ ಹಮ್. "ಐವತ್ತ ಸೈಕಲ್" ಅಂದರು. ಒಂದು ಜಾಗ ಸರಿಸಿದರು, ಎರಡು ಪಿಕಪ್ ಕೂಡಿದವು, ಹಮ್ ನಿಂತಿತು. ಮತ್ತೆ ಹಿಂದೆ, ಮತ್ತೆ ಮುಂದೆ. "ಬಂತು. ಹೋತು. ಬಂತು. ಹೋತು." ಮೋಟಾರ್ ಒಯ್ಯಲು ಬಂದಿದ್ದ ರೈತರೊಬ್ಬರೂ ಬಗ್ಗಿ ಕಿವಿಗೊಟ್ಟರು. ಆಮೇಲೆ ಅಂಗಡಿಯವರು ಸ್ವಿಚ್ ಬಿಟ್ಟು, ಉಳಿದ ಎರಡು ಪಿಕಪ್ ಕಡೆ ಬೆರಳು ತೋರಿಸಿ, "ಅವನ್ನೂ ಬಿಚ್ಚಿಕೊಂಡ ಬರ್ರಿ" ಅಂದರು.

ಬರುವ ಭಾನುವಾರ ಬಿಚ್ಚುತ್ತೇನೆ.