ಮನೆಯಲ್ಲಿ ಕೂತು ಮಾಡಿದ್ದು ಕೆಲಸ ಅಲ್ವಾ?

ಇದು 2021ರ ಕೊರೊನಾ ಕಾಲ. ಇವತ್ತು ಬರೆದೇ ಬಿಡುತ್ತೇನೆ. ಎಷ್ಟು ದಿನ ಅಂತ ಹೊಟ್ಟೆಯಲ್ಲೇ ಇಟ್ಟುಕೊಂಡಿರಲಿ?

ನಾನು ಮಂಡ್ಯದ ಒಂದು ಖಾಸಗಿ ಶಾಲೆಯಲ್ಲಿ ಅಸಿಸ್ಟೆಂಟ್ ಮಿಸ್. ಒಂದನೇ ಕ್ಲಾಸು, ಎರಡನೇ ಕ್ಲಾಸು ನನ್ನದು. ಡಿ.ಎಡ್ ಮುಗಿಸಿದ್ದೇನೆ. ಕ್ಲಾಸ್ ಟೀಚರ್ ಪಾಠ ಮಾಡುವಾಗ ಮಕ್ಕಳ ಪಕ್ಕ ಕೂತು ಕೈ ಹಿಡಿದು ಬರೆಸಬೇಕು. ಹಿಂದೆ ಬಿದ್ದವರಿಗೆ ಇನ್ನೊಂದು ಸಲ ಹೇಳಿಕೊಡಬೇಕು. ಊಟ ಮಾಡಿಸಬೇಕು, ನೋಟ್ಸು ತಿದ್ದಬೇಕು. ಕೊರೊನಾಗೆ ಮುಂಚೆ ತಿಂಗಳಿಗೆ 8,000 ರೂಪಾಯಿ ಕೊಡುತ್ತಿದ್ದರು. ಈಗ 5,500. ಕೆಲಸ ಮಾತ್ರ ಡಬಲ್ ಆಗಿದೆ.

2021ರ ಅಕ್ಟೋಬರ್ 25ಕ್ಕೆ ಒಂದರಿಂದ ಐದನೇ ಕ್ಲಾಸಿನವರಿಗೂ ಶಾಲೆ ಶುರುವಾಯಿತು. 2020ರ ಮಾರ್ಚ್‌ನಲ್ಲಿ ಹಾಕಿದ್ದ ಬೀಗ. ಮಕ್ಕಳು ಗೇಟಿನೊಳಗೆ ಬಂದಾಗ ನನಗೆ ಕಣ್ಣಲ್ಲಿ ನೀರು ಬಂತು. ಆದರೆ ಬರಲೇಬೇಕು ಅಂತ ಕಡ್ಡಾಯ ಇಲ್ಲ. ಅಪ್ಪ ಅಮ್ಮ ಒಪ್ಪಿಗೆ ಪತ್ರ ಬರೆದುಕೊಟ್ಟರೆ ಮಗು ಬರುತ್ತದೆ, ಇಲ್ಲದಿದ್ದರೆ ಮನೆಯಲ್ಲೇ ಆನ್‌ಲೈನ್. ನಮ್ಮಲ್ಲಿ ಅರ್ಧ ಮಕ್ಕಳು ಸೋಮವಾರ, ಬುಧವಾರ, ಶುಕ್ರವಾರ ಬರುತ್ತಾರೆ. ಇನ್ನರ್ಧ ಮಂಗಳವಾರ, ಗುರುವಾರ, ಶನಿವಾರ. ಕೆಲವರು ಬರುವುದೇ ಇಲ್ಲ. ಮೂರು ಗುಂಪಿಗೂ ಒಂದೇ ಪಾಠ ಮುಟ್ಟಬೇಕು. ಅದನ್ನು ಮುಟ್ಟಿಸುವ ಜವಾಬ್ದಾರಿ ಅಸಿಸ್ಟೆಂಟ್ ತಲೆಗೆ ಕಟ್ಟಿದ್ದಾರೆ.

ಬೆಳಿಗ್ಗೆ ಗೇಟಿನಲ್ಲಿ ನಿಂತು ಜ್ವರ ನೋಡುವುದು, ಸ್ಯಾನಿಟೈಸರ್ ಹಾಕುವುದು ನಾನು. ಕ್ಲಾಸಿನೊಳಗೆ ಬಂದರೆ ಮೊಬೈಲ್ ಸ್ಟ್ಯಾಂಡ್ ಹಿಡಿದುಕೊಳ್ಳುವುದೂ ನಾನೇ. ಟೀಚರ್ ಬೋರ್ಡ್ ಮೇಲೆ ಬರೆಯುವಾಗ ಮೊಬೈಲ್ ಆ ಕಡೆ ತಿರುಗಿಸಬೇಕು, ಮಕ್ಕಳ ಕಡೆ ಬಂದಾಗ ಈ ಕಡೆ. ಮನೆಯಲ್ಲಿರುವ ಮಗು 'ಮಿಸ್ ಕೇಳಿಸ್ತಿಲ್ಲ' ಅನ್ನುತ್ತದೆ. ಅದೇ ಹೊತ್ತಿಗೆ ಬೆಂಚಿನ ಮೇಲಿರುವ ಮಗು 'ಮಿಸ್ ಒಂದಕ್ಕೆ' ಅನ್ನುತ್ತದೆ. ಜೂಮ್ 40 ನಿಮಿಷಕ್ಕೆ ಕಟ್ ಆಗುತ್ತದೆ, ಮತ್ತೆ ಲಿಂಕ್ ಕಳಿಸಬೇಕು. ಮೊಬೈಲ್ ನನ್ನದು. ಡೇಟಾ ನನ್ನದು. ಮಧ್ಯಾಹ್ನಕ್ಕೆಲ್ಲ ದಿನದ ಪ್ಯಾಕ್ ಖಾಲಿಯಾಗಿರುತ್ತದೆ, ಮತ್ತೆ ರೀಚಾರ್ಜ್ ಮಾಡಿಸುವುದೂ ನನ್ನ ಕೈಯಿಂದಲೇ.

ಒಂದನೇ ಕ್ಲಾಸಿನ ಮಕ್ಕಳ ಸ್ಥಿತಿ ಸ್ವಲ್ಪ ಯೋಚನೆ ಮಾಡಿ. ಎಲ್‌ಕೆಜಿ ಅರ್ಧಕ್ಕೆ ನಿಂತಿತ್ತು. ಯುಕೆಜಿಗೆ ಒಂದು ದಿನವೂ ಶಾಲೆ ಕಂಡಿಲ್ಲ. ಪೆನ್ಸಿಲ್ ಅನ್ನು ಮುಷ್ಟಿಯಲ್ಲಿ ಹಿಡಿಯುತ್ತಾರೆ. ಇವರಿಗೆ ಮಾಸ್ಕ್ ಹಾಕಿಕೊಂಡು 'ಳ' ಹೇಳಿಕೊಡುವುದು ಹೇಗೆ? ನಾಲಿಗೆ ಮೇಲಕ್ಕೆ ಮಡಚುವುದನ್ನು ಮಗು ನೋಡಬೇಕು. ಬಾಯಿಯೇ ಕಾಣದಿದ್ದರೆ 'ಬಳೆ' ಅಂದರೂ ಅದಕ್ಕೆ 'ಬಲೆ' ಅಂತಲೇ ಕೇಳಿಸುತ್ತದೆ. ಬೆರಳು ಮೇಲೆತ್ತಿ ಮಡಚಿ ತೋರಿಸುತ್ತೇನೆ, ನಾಲಿಗೆ ಹೀಗೆ ಹೋಗಬೇಕು ಪುಟ್ಟ ಅಂತ. ಒಂದು ಹುಡುಗಿ ತನ್ನ ಬೆರಳನ್ನೇ ಮಡಚಿಕೊಂಡು ನನ್ನ ಮುಖ ನೋಡಿತು, ನಾಲಿಗೆ ಮಾತ್ರ ಎಲ್ಲಿತ್ತೋ ಅಲ್ಲೇ. ಪಕ್ಕ ಕೂತು ಕೈ ಹಿಡಿದು ಬರೆಸೋಣ ಅಂದರೆ ದೂರ ಇರಿ ಅನ್ನುತ್ತಾರೆ. ಈ ಮಕ್ಕಳಿಗೆ ಬೇಕಾಗಿರುವುದು ಒಬ್ಬರು ಪೂರ್ತಿ ಹೊತ್ತು ಪಕ್ಕದಲ್ಲಿ ಇರುವುದು. ಆ ಒಬ್ಬಳ ಕೈಗೆ ಮೊಬೈಲ್ ಸ್ಟ್ಯಾಂಡ್ ಕೊಟ್ಟು ಮೂಲೆಯಲ್ಲಿ ನಿಲ್ಲಿಸಿದ್ದಾರೆ.

ಬೆಲ್ ಹೊಡೆದ ಮೇಲಾದರೂ ಮುಗಿಯುತ್ತದಾ? ಇಲ್ಲ. ಆನ್‌ಲೈನ್ ಮಕ್ಕಳ ಹೋಂವರ್ಕ್ ವಾಟ್ಸಾಪ್‌ಗೆ ಬರುವುದು ಆಮೇಲೆ. ನಮ್ಮ ಶಾಲೆಗೆ ಸುತ್ತಲ ಹಳ್ಳಿಗಳಿಂದ ಬರುವ ಮಕ್ಕಳು ಜಾಸ್ತಿ. ಮನೆಗೆ ಇರುವುದು ಒಂದೇ ಮೊಬೈಲು, ಅದು ಅಪ್ಪನ ಜೇಬಿನಲ್ಲಿ. ಅವರು ಕಬ್ಬಿನ ಗದ್ದೆಯಿಂದಲೋ ಆಲೆಮನೆಯಿಂದಲೋ ಬಂದ ಮೇಲೆ ಫೋಟೋ ತೆಗೆದು ಕಳಿಸಬೇಕು. ಒಬ್ಬರ ಅಜ್ಜಿಗೆ ಫೋನ್ ಮಾಡಿದ್ದೆ. 'ಫೋನು ನಮ್ಮುಡ್ಗ ತಕ್ಕೊಂಡೋಗವ್ನೆ ಕಣವ್ವ, ಬಂದ್ಮ್ಯಾಕೆ ಕಳಿಸ್ತೀವಿ, ಬೇಜಾರ್ ಮಾಡ್ಕಬ್ಯಾಡ' ಅಂದರು. ಅವರ ಮೇಲೆ ನಾನು ಯಾಕೆ ಬೇಜಾರು ಮಾಡಿಕೊಳ್ಳಲಿ? ಅವರದ್ದೇನು ತಪ್ಪು?

ಹಾಗಾಗಿ ರಾತ್ರಿ ಎಂಟಕ್ಕೆ ಟಿಣ್ ಟಿಣ್ ಶುರು. ಫೋಟೋ ಅಡ್ಡ ಬಿದ್ದಿರುತ್ತದೆ, ಅರ್ಧ ಪುಟದ ಮೇಲೆ ಕೈಯ ನೆರಳು, ದೀಪದ ಬೆಳಕಿಗೆ ಅಕ್ಷರ ಹಳದಿ. ದೊಡ್ಡದು ಮಾಡಿ, ತಿರುಗಿಸಿ, 'ಣ' ಬರೆದಿದ್ದಾನೋ 'ಇ' ಬರೆದಿದ್ದಾನೋ ನೋಡಬೇಕು. ಆಮೇಲೆ ಪ್ರತಿ ಮಗುವಿಗೂ ಅದರ ಹೆಸರು ಹಿಡಿದು ವಾಯ್ಸ್ ಮೆಸೇಜ್ ಕಳಿಸುತ್ತೇನೆ. ಸುಮ್ನೆ ಒಂದು ಹೆಬ್ಬೆರಳು ಎತ್ತಿದ ಗುರುತು ಒತ್ತಿದರೂ ನಡೆಯುತ್ತದೆ, ಯಾರೂ ಕೇಳುವುದಿಲ್ಲ. ಆದರೆ ಮನೆಯಲ್ಲಿ ಕೂತಿರುವ ಮಗುವಿಗೆ ದಿನಕ್ಕೆ ಒಂದು ಸಲವಾದರೂ ತನ್ನ ಮಿಸ್ಸಿನ ದನಿ ಕೇಳಬೇಕು ಅಲ್ವಾ? ಇಷ್ಟೆಲ್ಲ ಮುಗಿಯುವಷ್ಟರಲ್ಲಿ ಹತ್ತೂವರೆ. ನನ್ನ ಮಗಳು ಅವಳ ಪುಸ್ತಕ ನನ್ನ ಕಾಲ ಹತ್ತಿರ ಇಟ್ಟು ನಿದ್ದೆ ಮಾಡಿರುತ್ತಾಳೆ.

ಈ ಕೆಲಸಕ್ಕೆ ಲೆಕ್ಕವೇ ಇಲ್ಲ. ಕೇಳಿದರೆ ಶಾಲೆಯವರು 'ಅದು ಮನೇಲಿ ಕೂತು ಮಾಡೋದು ತಾನೆ' ಅನ್ನುತ್ತಾರೆ.

ಹೋದ ವಾರ ಮಗಳಿಗೆ ಜ್ವರ ಬಂತು. ಮನೆಯಲ್ಲಿ ಯಾರಿಗೆ ಜ್ವರ ಇದ್ದರೂ ಶಾಲೆಗೆ ಬರಬೇಡಿ ಅಂತ ಶಾಲೆಯವರೇ ನೋಟಿಸ್ ಅಂಟಿಸಿದ್ದಾರೆ. ಫೋನ್ ಮಾಡಿ ಹೇಳಿದೆ. 'ಸರಿ ಮೇಡಂ, ಹುಷಾರಾಗಿ ನೋಡ್ಕೊಳ್ಳಿ' ಅಂದರು. ಸ್ವಲ್ಪ ಹೊತ್ತಿಗೆ ಮತ್ತೆ ಫೋನ್. 'ಹೇಗೂ ಮನೇಲೇ ಇದ್ದೀರಲ್ಲ, ಆನ್‌ಲೈನ್ ಕ್ಲಾಸ್ ನೀವೇ ತಗೊಂಡುಬಿಡಿ' ಅಂದರು. ಒದ್ದೆ ಬಟ್ಟೆ ಹಣೆಗೆ ಹಾಕುತ್ತಾ, ಆರ್‌ಟಿಪಿಸಿಆರ್ ರಿಪೋರ್ಟ್‌ಗೆ ಕಾಯುತ್ತಾ ಮೂರು ದಿನವೂ ಪಾಠ ಮಾಡಿದೆ. ಎರಡೂ ಕ್ಲಾಸಿಗೆ ಮಾಡಿದೆ. ಪುಣ್ಯಕ್ಕೆ ರಿಪೋರ್ಟ್ ನೆಗೆಟಿವ್ ಬಂತು. ವಾಪಸ್ ಹೋಗಿ ನೋಡಿದರೆ ರಿಜಿಸ್ಟರಿನಲ್ಲಿ ಮೂರು ದಿನಕ್ಕೂ ಗೈರುಹಾಜರಿ. ಸಂಬಳ ಕಟ್.

ನಾನು ಪಾಠ ಮಾಡಿದ ಆ ಕ್ಲಾಸುಗಳಲ್ಲಿ ಮಕ್ಕಳಿಗೆ ಹಾಜರಿ ಹಾಕಿದ್ದಾರೆ. ಪಾಠ ಮಾಡಿದ ನನಗೆ ಹಾಕಿಲ್ಲ. ಮನೆಯಲ್ಲಿ ಕೂತು ಕೇಳಿದ ಮಗು ಶಾಲೆಗೆ ಬಂದ ಹಾಗೆ, ಮನೆಯಲ್ಲಿ ಕೂತು ಹೇಳಿಕೊಟ್ಟ ಮಿಸ್ ಬರಲಿಲ್ಲ! ಇದು ಯಾವ ನ್ಯಾಯ?

ಕೇಳಿದ್ದಕ್ಕೆ ಫೀಸಿನ ಕಥೆ ಹೇಳಿದರು. ಎರಡು ವರ್ಷದಿಂದ ಅದೇ ಕಥೆ. 2021ರ ಜನವರಿಯಲ್ಲಿ ಸರ್ಕಾರ ಬೋಧನಾ ಶುಲ್ಕದಲ್ಲಿ ನೂರಕ್ಕೆ 70 ಭಾಗ ಮಾತ್ರ ತಗೊಳ್ಳಿ ಅಂದಿತು. ಶಾಲೆಗಳಿಗೆ ಕಷ್ಟ ಆಯಿತು, ನನಗೂ ಗೊತ್ತು. ಆ ದಿನಗಳಲ್ಲಿ ನನಗೆ 4,000 ಕೊಟ್ಟರು, ನಾನು ಬಾಯಿ ಬಿಡಲಿಲ್ಲ. ಆಮೇಲೆ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ 15 ಭಾಗ ಕಡಿಮೆ ಮಾಡಿದರೆ ಸಾಕು ಅಂದಿತು. ಫೀಸು 85 ಭಾಗಕ್ಕೆ ಬಂತು. ನನ್ನ ಸಂಬಳವೂ 85 ಭಾಗಕ್ಕೆ ಬರಬೇಕಿತ್ತಲ್ಲ? 8,000ಕ್ಕೆ 85 ಭಾಗ ಅಂದರೆ 6,800. ಈ ಲೆಕ್ಕ ಬಾಯಿಬಿಟ್ಟು ಹೇಳಿದೆ. 'ಎಲ್ಲರೂ ಪೂರ್ತಿ ಕಟ್ಟಿಲ್ಲ ಮೇಡಂ' ಅಂದರು. ಕಟ್ಟದವರಿಗೆ ಫೋನ್ ಮಾಡಿ ಕೇಳುವ ಕೆಲಸವನ್ನೂ ನನಗೇ ಕೊಟ್ಟಿದ್ದಾರೆ. ರಾತ್ರಿ ಮಗುವಿನ ಅಕ್ಷರ ಚೆನ್ನಾಗಿದೆ ಅಂತ ಹೇಳಿದ ನಂಬರಿಗೇ ಬೆಳಿಗ್ಗೆ ಫೀಸು ಯಾವಾಗ ಅಂತ ಕೇಳಬೇಕು. ಕಬ್ಬಿನ ದುಡ್ಡು ಇನ್ನೂ ಕೈಗೆ ಬಾರದವರ ಹತ್ತಿರ ಯಾವ ಮುಖ ಇಟ್ಟುಕೊಂಡು ಕೇಳಲಿ?

ಇನ್ನೊಂದು ವಿಷಯ ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಜೂನ್‌ನಲ್ಲಿ ಸರ್ಕಾರ ಅನುದಾನ ಇಲ್ಲದ ಶಾಲೆಗಳ ಶಿಕ್ಷಕರಿಗೆ ತಲಾ 5,000 ರೂಪಾಯಿ ನೆರವು ಘೋಷಿಸಿತು. ನಾನೂ ಬ್ಯಾಂಕ್ ಪಾಸ್‌ಬುಕ್, ಆಧಾರ್ ಜೆರಾಕ್ಸ್ ಹಿಡಿದುಕೊಂಡು ಹೋದೆ. ಶಾಲೆಯ ದಾಖಲೆಯಲ್ಲಿ ನನ್ನ ಹೆಸರೇ ಇಲ್ಲ. ಶಿಕ್ಷಕಿ ಅಂತಲೂ ಇಲ್ಲ, ಬೋಧಕೇತರ ಸಿಬ್ಬಂದಿ ಅಂತಲೂ ಇಲ್ಲ. ಅಪಾಯಿಂಟ್‌ಮೆಂಟ್ ಲೆಟರ್ ಕೊಡಿ ಅಂತ ಸೇರಿದಾಗಿನಿಂದ ಕೇಳುತ್ತಲೇ ಇದ್ದೇನೆ, ಕೊಟ್ಟಿಲ್ಲ. ಆದರೆ ಎರಡು ಡೋಸ್ ಲಸಿಕೆ ಹಾಕಿಸಿಕೊಂಡ ಸರ್ಟಿಫಿಕೇಟ್ ತರದೆ ಗೇಟ್ ದಾಟುವಂತಿಲ್ಲ ಅಂದಾಗ ಆ ಪಟ್ಟಿಯಲ್ಲಿ ನನ್ನ ಹೆಸರು ಇತ್ತು. ಕೆಲಸ ಮಾಡಿಸಿಕೊಳ್ಳುವಾಗ ಟೀಚರ್, ದುಡ್ಡು ಕೊಡುವಾಗ ಯಾರೋ ಹೊರಗಿನವಳು.

ನನ್ನ ಜೊತೆ ಇದ್ದ ಇನ್ನೊಬ್ಬ ಅಸಿಸ್ಟೆಂಟ್ ಮಿಸ್ ಕೆಲಸ ಬಿಟ್ಟು ಗಾರ್ಮೆಂಟ್ಸ್‌ಗೆ ಹೋದರು. ಅಲ್ಲಿ ಪಿಎಫ್ ಇದೆ, ಇಎಸ್‌ಐ ಇದೆ, ಮನೆಗೆ ಬಂದ ಮೇಲೆ ಫೋನ್ ಬರುವುದಿಲ್ಲ ಅಂತ ಹೇಳಿದರು. ಎಷ್ಟು ಚೆನ್ನಾಗಿ ಕಥೆ ಹೇಳುತ್ತಿದ್ದರು ಗೊತ್ತಾ? ಅವರು ಕಥೆ ಶುರು ಮಾಡಿದರೆ ಅಳುವ ಮಕ್ಕಳೆಲ್ಲ ಗಪ್‌ಚಿಪ್. ಅವರ ಜಾಗಕ್ಕೆ ಯಾರನ್ನೂ ತಗೊಂಡಿಲ್ಲ. ಅವರ ಮಕ್ಕಳ ವಾಟ್ಸಾಪ್ ಗ್ರೂಪಿಗೂ ನನ್ನ ನಂಬರನ್ನೇ ಸೇರಿಸಿದ್ದಾರೆ, ಒಂದು ಮಾತು ಕೇಳದೆ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಆನ್‌ಲೈನ್ ಪಾಠ ಮಾಡಿದ ದಿನ ಹಾಜರಿ ಹಾಕಿ. ಕಟ್ ಮಾಡಿದ ಮೂರು ದಿನದ ಸಂಬಳ ವಾಪಸ್ ಕೊಡಿ. ಮೊಬೈಲ್ ಡೇಟಾಗೆ ದುಡ್ಡು ಕೊಡಿ. ಸಂಜೆ ತಿದ್ದುವ ಕೆಲಸ ಬೇಕು ಅಂದರೆ ಬೆಳಿಗ್ಗೆ ಗೇಟಿನ ಡ್ಯೂಟಿಗೆ ಬೇರೆಯವರನ್ನು ಹಾಕಿ. ನನ್ನ ಹೆಸರು ದಾಖಲೆಯಲ್ಲಿ ಬರೆಯಿರಿ. ಶನಿವಾರ ಸ್ಟಾಫ್ ಮೀಟಿಂಗ್ ಇದೆ. ಇಷ್ಟನ್ನೂ ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿ ಹೆಡ್ ಮಿಸ್ ಕೈಗೆ ಕೊಡುತ್ತೇನೆ. ಆಯಾಮ್ಮನೂ ತಮ್ಮ ಸಂಬಳದ ವಿಷಯ ಅದರಲ್ಲೇ ಸೇರಿಸು ಅಂದಿದ್ದಾರೆ, ಸೇರಿಸಿದ್ದೇನೆ.