ಸೋಲಾರ್ ಬೇಲಿ ಇದ್ದೂ ಹಂದಿ ಬರುತ್ತಿದ್ದರೆ ಮೊದಲು ಅರ್ಥಿಂಗ್ ನೋಡಿ

ಬೇಸಗೆ ಬಂತೆಂದರೆ ಹೆಬ್ರಿ, ಕಾರ್ಕಳ, ಬೆಳ್ತಂಗಡಿ ಕಡೆಯ ತೋಟದವರದ್ದು ಒಂದೇ ದೂರು: "ಬೇಲಿಗೆ ಕರೆಂಟು ಕೊಡುವ ಮಿಷನ್ ಟಿಕ್ ಟಿಕ್ ಅಂತಲೇ ಉಂಟು, ಹಂದಿ ಮಾತ್ರ ಆರಾಮದಲ್ಲಿ ಒಳಗೆ ಬರ್ತದೆ."

ತಂತಿಯಿಂದ ಹಂದಿಯ ಮೈಗೆ, ಅಲ್ಲಿಂದ ನೆಲಕ್ಕೆ, ನೆಲದಿಂದ ಅದರಲ್ಲಿ ಹೂತ ಅರ್ಥ್ ರಾಡಿಗೆ (ಇದೇ ಅರ್ಥಿಂಗ್) ಹಾದು ಕರೆಂಟು ಮಿಷನ್ನಿಗೆ ವಾಪಸು ಬಂದರಷ್ಟೇ ಶಾಕ್. ನಮ್ಮ ಮುರಕಲ್ಲಿನ ನೆಲ ಒಣಗಿತೋ, ಆ ದಾರಿ ಕಡಿದ ಹಾಗೆ. ಬೇಲಿಗೆ ಅಷ್ಟು ಖರ್ಚು ಮಾಡಿ, ಅರ್ಥಿಂಗಿಗೆ ಒಂದು ಗಿಡ್ಡ ಸರಳು ಬಡಿದು ಕೈತೊಳೆದುಕೊಳ್ಳುವುದು ನನಗೆ ಬಹಳ ಬೇಸರದ ಸಂಗತಿ.

ಆರಡಿಯ ಜಿಐ (ಸತು ಲೇಪಿಸಿದ ಕಬ್ಬಿಣದ) ರಾಡ್ ಕನಿಷ್ಠ 3 ಬೇಕು. ಒಂದಕ್ಕೊಂದು 10 ಅಡಿ ಅಂತರ ಬಿಟ್ಟು, ಬಚ್ಚಲು ನೀರು ಹೋಗುವಲ್ಲಿ ಅಥವಾ ತೋಡಿನ ಬದಿಯಲ್ಲಿ ಇಳಿಸಿ. ಮನೆಯ ಅರ್ಥಿಂಗಿನಿಂದ 10 ಮೀಟರಾದರೂ ದೂರವಿರಲಿ. ಪರೀಕ್ಷಿಸಲು ಮಿಷನ್ ಆಫ್ ಮಾಡಿ, 100 ಮೀಟರ್ ಆಚೆ ನೆಲಕ್ಕೆ ಊರಿದ ಕಬ್ಬಿಣದ ಸರಳುಗಳನ್ನು ತಂತಿಗೆ ತಾಗಿಸಿಡಿ. ಆನ್ ಮಾಡಿದಾಗ ಬೇಲಿಯ ವೋಲ್ಟೇಜ್ 2,000ಕ್ಕಿಂತ ಕೆಳಗಿಳಿಯಬೇಕು. ಇಳಿಯದಿದ್ದರೆ ಆಫ್ ಮಾಡಿ ಇನ್ನಷ್ಟು ಸರಳು ಸೇರಿಸಿ. ಇಳಿದ ಮೇಲೆ ಬೇಲಿಯ ಮೀಟರನ್ನು ಅರ್ಥ್ ರಾಡಿಗೆ ಹಿಡಿಯಿರಿ. 300 ವೋಲ್ಟ್ ದಾಟಿದರೆ ರಾಡ್ ಸಾಲದು.

ರಾಡ್ ಇಳಿಯದ ಕಲ್ಲುಜಾಗವಾದರೆ ಬೇಲಿಯಲ್ಲೇ ಒಂದು ತಂತಿ ಲೈವ್ (ಕರೆಂಟು ಇರುವುದು), ಮುಂದಿನದ್ದು ಅರ್ಥ್ (ಮಿಷನ್ನಿನ ಅರ್ಥಿಂಗಿಗೆ ಸೇರಿದ್ದು) ಎಂದು ಬದಲಿಸುತ್ತಾ ಹೋಗಿ. ಪ್ರಾಣಿಯ ಮೈಗೆ ಎರಡೂ ಒಟ್ಟಿಗೆ ತಾಗಿದರೆ ಒಣನೆಲದಲ್ಲೂ ಶಾಕ್ ಸಿಗುತ್ತದೆ. ಹಂದಿಗೆ ಕೆಳಗಿನ ಲೈವ್ ತಂತಿ ನೆಲದಿಂದ 20 ಸೆಂ.ಮೀ.ಗಿಂತ ಮೇಲಿರಬಾರದು. ಮಳೆಗಾಲದಲ್ಲಿ ತೊಂದರೆ ಬೇರೆ: ಒದ್ದೆ ಹುಲ್ಲು, ಬಳ್ಳಿ ತಂತಿಗೆ ತಾಗಿ ಕರೆಂಟು ಸೋರುತ್ತದೆ. ಬೇಲಿಯ ಅಡಿ ಸವರುತ್ತಲೇ ಇರಬೇಕು.

ಮೆಸ್ಕಾಂ (ವಿದ್ಯುತ್ ಕಂಪೆನಿ) ಲೈನಿನಿಂದ ನೇರ ತಂತಿ ಎಳೆಯುವುದು ಮಾತ್ರ ಬೇಡವೇ ಬೇಡ. ಸೋಲಾರ್ ಮಿಷನ್ ಕ್ಷಣದಷ್ಟು ಹೊಡೆದು ಬಿಡುತ್ತದೆ, ಹಾಗಾಗಿ ಪ್ರಾಣಿ ಹಿಂದೆ ಸರಿಯುತ್ತದೆ. ಲೈನಿನ ಕರೆಂಟು ಹಿಡಿದರೆ ಬಿಡುವುದಿಲ್ಲ. ಮುಂಜಾನೆ ಸೊಪ್ಪಿಗೆ ಹೋದವರೂ ಅದರಲ್ಲೇ ಸಾಯುತ್ತಾರೆ, ಕಾನೂನಿನಲ್ಲೂ ಅದು ಅಪರಾಧ.

ಮುಳ್ಳುಹಂದಿಗೆ ಬೇಲಿಗಿಂತ ಸಸಿಯ ಸುತ್ತ ಕಾವಲು ಒಳ್ಳೆಯದು. ಎಳೆ ತೆಂಗಿನ ಬುಡ ಕೊರೆದು ತಿರುಳು ತಿನ್ನುವುದು ಅದರ ಅಭ್ಯಾಸ. ಏಳಡಿ ಉದ್ದದ ವೆಲ್ಡ್ ಮೆಶ್ ಸುತ್ತಿದರೆ ಸುಮಾರು ಎರಡಡಿ ಅಗಲದ ಬಳೆ ಆಗುತ್ತದೆ. ನೆಲದ ಮೇಲೆ ಮೂರಡಿ, ಒಳಗೆ ಒಂದಡಿ. ಹೂತ ಭಾಗವನ್ನು ಹೊರಕ್ಕೆ ಬಾಗಿಸಿ, ಆಗ ತೋಡಿದರೂ ಮೆಶ್ಶೇ ಅಡ್ಡ ಸಿಗುತ್ತದೆ. ಪ್ಲಾಸ್ಟಿಕ್ ಬಲೆಯನ್ನು ಅದು ಕಡಿದುಹಾಕುತ್ತದೆ.

ಫಲ ಬಿಡುವ ತೆಂಗಿಗೆ ಇಲಿಯ ಕಾಟವಾದರೆ ಎರಡು ಮೀಟರ್ ಎತ್ತರದಲ್ಲಿ 40 ಸೆಂ.ಮೀ. ಅಗಲದ ನಯವಾದ ತಗಡು ಸುತ್ತಬಹುದು. ಆದರೆ ಪಕ್ಕದ ಅಡಿಕೆಯ ಸೋಗೆ ತೆಂಗಿನ ಮಡಲಿಗೆ ತಾಗುವ ತೋಟದಲ್ಲಿ ಇಲಿ ಮೇಲಿನಿಂದಲೇ ದಾಟುತ್ತದೆ, ಅಲ್ಲಿ ತಗಡಿಗೆ ದುಡ್ಡು ಹಾಕಬೇಡಿ.